ಪಡುವಣ ಮನೆಯ ಗಂಟು

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಗುರುಗಳೇ, ಘಟ್ಟದ ಕೆಳಗಿನ ಊರಿನಲ್ಲಿ ನನ್ನ ಅಣ್ಣ ಹಾಸಿಗೆ ಹಿಡಿದಿದ್ದಾನೆ. ನಮ್ಮಿಬ್ಬರಿಗೆ ಮಾತು ನಿಂತು ಬಹಳ ಕಾಲವಾಗಿತ್ತು. ನೆರೆಯವರು ಅವನನ್ನು ವೈದ್ಯರಿರುವ ಊರಿಗೆ ಒಯ್ಯಬೇಕೆಂದಿದ್ದರಂತೆ. ಬೇಡ, ನಾನೇ ಬಂದು ಕರೆದೊಯ್ಯುತ್ತೇನೆ ಎಂದು ಹೇಳಿ ಕಳುಹಿಸಿದ್ದೇನೆ. ಅಂದಿನಿಂದ ಮನಸ್ಸು ಹಗುರವಾಗಿದೆ. ನಿಶ್ಚಯ ಮಾಡಿದ ಮೇಲೆ ಅರ್ಧ ದಾರಿ ಹೋದಂತೆಯೇ ಅಲ್ಲವೇ?"

ಗುರುಗಳು ಬತ್ತಿ ಹೊಸೆಯುತ್ತಿದ್ದರು. ಕೈ ನಿಲ್ಲಿಸದೆ, "ಯಾವಾಗ ಹೊರಡುತ್ತೀಯ?" ಎಂದರು.

"ಇನ್ನೇನು, ಸ್ವಲ್ಪ ಅನುಕೂಲ ನೋಡಿಕೊಂಡು."

"ಹಾಗಾದರೆ ಕೂತುಕೋ. ನಿನಗೆ ಪುರುಸೊತ್ತಿದೆ," ಎಂದು ಗುರುಗಳು ಕತೆ ಹೇಳಿದರು.

ಒಳನಾಡಿನ ಒಂದು ನಗರದಲ್ಲಿ ಒಬ್ಬ ವರ್ತಕನಿದ್ದ. ಅವನ ಹೆಸರು ಕೇಳಬೇಡ. ಹೇಳಿದರೆ ಅವನು ಬೇರೆ ಯಾರೋ ಎಂದು ನೆಮ್ಮದಿಯಾಗಿ ಕೇಳಿಬಿಡುತ್ತೀಯ. ಅವನು ತನ್ನ ಒಬ್ಬಳೇ ಮಗಳನ್ನು ಕಡಲ ತೀರದ ಊರಿಗೆ ಕೊಟ್ಟಿದ್ದ. ಆ ಊರು ಬೇರೆ ಅರಸನದು. ನಡುವೆ ಬಯಲು, ಬಯಲು ಮುಗಿದರೆ ಘಟ್ಟ, ಘಟ್ಟದ ಬುಡದಲ್ಲಿ ಗಡಿಯ ಬಾಗಿಲು. ಮಳೆ ಹಿಡಿದರೆ ಆ ದಾರಿಯಲ್ಲಿ ಗಾಡಿ ನಡೆಯುತ್ತಿರಲಿಲ್ಲ.

ಮಗಳು ಬಸುರಾದಳು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು, ತವರಿನವರೇ ಬಂದು ಕರೆದೊಯ್ಯಬೇಕು. ಇದು ಬರೀ ಪದ್ಧತಿಯ ಮಾತಾಗಿರಲಿಲ್ಲ. ಅವಳನ್ನು ಹೆರುವಾಗ ಅವಳ ತಾಯಿ ಸಾವಿನ ದವಡೆಯಿಂದ ಪಾರಾಗಿ ಬಂದಿದ್ದಳು. ಪಾರು ಮಾಡಿದ್ದು ಆ ನಗರದ ಒಬ್ಬ ಸೂಲಗಿತ್ತಿ. ಮಗಳ ಮೈಕಟ್ಟೂ ತಾಯಿಯದೇ. "ಆ ಅಜ್ಜಿಯ ಕೈಯಲ್ಲೇ ನನ್ನ ಹೆರಿಗೆ ಆಗಬೇಕು, ಮಳೆಗೆ ಮುಂಚೆ ಬಾ ಅಪ್ಪಾ" ಎಂದು ಅವಳು ಹೇಳಿ ಕಳುಹಿಸಿದಳು.

ವರ್ತಕನಿಗೆ ಮಗಳೆಂದರೆ ಪ್ರಾಣ. ಇದರಲ್ಲಿ ಸುಳ್ಳಿಲ್ಲ. ಅಂದೇ ಪ್ರಯಾಣದ ಯೋಚನೆಗೆ ಕೂತ. ಜಗಲಿಯ ಮೇಲೆ ಸುಣ್ಣದಲ್ಲಿ ದಾರಿಯನ್ನು ಬರೆದ. ಎಲ್ಲಿ ಎತ್ತುಗಳಿಗೆ ನೀರು, ಎಲ್ಲಿ ತಂಗುವ ಛತ್ರ, ಘಟ್ಟದ ಯಾವ ತಿರುವಿನಲ್ಲಿ ಗಾಲಿಗೆ ಕಲ್ಲು ಕೊಡಬೇಕು, ಗಡಿಯ ಕಾವಲುಗಾರನಿಗೆ ಯಾರ ಹೆಸರು ಹೇಳಬೇಕು, ಎಲ್ಲವನ್ನೂ ಹೋಗಿಬಂದವರನ್ನು ಕೇಳಿ ಕೇಳಿ ತಿಳಿದುಕೊಂಡ. ಸಂಜೆಯಾದರೆ ಕೇರಿಯವರು ಜಗಲಿಗೆ ಬಂದು ಕೂರುವರು. ಅವನು ಕೋಲು ಹಿಡಿದು ದಾರಿ ತೋರಿಸುವನು. ಕರಾವಳಿಗೆ ಹೋಗಬೇಕಾದವರು ಅವನ ಬಳಿ ದಾರಿ ಕೇಳಿಕೊಂಡು ಹೋಗಿ, ಕೆಲಸ ಮುಗಿಸಿ ಮರಳಿಯೂ ಬಂದರು. ಅವನು ಜಗಲಿಯಲ್ಲೇ ಇದ್ದ.

ಜೋಯಿಸರು ಒಳ್ಳೆಯ ದಿನ ಹೇಳಿದರು. ಆ ದಿನ ಬಂದಾಗ ಗಾಡಿಯ ಅಚ್ಚು ಅವನ ಮನಸ್ಸಿಗೆ ಹಿಡಿಸಲಿಲ್ಲ. ಹೊಸದನ್ನು ಮಾಡಿಸಬೇಕು. ಮುಹೂರ್ತವನ್ನು ಬಿಡುವಂತೆಯೂ ಇಲ್ಲ. ಅದಕ್ಕೆ ಪ್ರಸ್ಥಾನ ಇಟ್ಟ. ಪ್ರಸ್ಥಾನವೆಂದರೆ ಗೊತ್ತಲ್ಲ? ಹೊರಡಬೇಕಾದ ಗಳಿಗೆಯಲ್ಲಿ ಹೊರಡಲಾಗದವನು ತನ್ನ ಬಟ್ಟೆಯಲ್ಲಿ ಅಕ್ಕಿ, ಅಡಿಕೆ, ಅರಿಸಿನದ ಕೊಂಬು ಕಟ್ಟಿ, ತಾನು ಹೋಗುವ ದಿಕ್ಕಿನಲ್ಲಿರುವ ಮನೆಯಲ್ಲಿ ಇಟ್ಟುಬರುತ್ತಾನೆ. ಗಂಟು ಹೋಯಿತು, ಇನ್ನು ಮನುಷ್ಯ ಹೊರಟ ಲೆಕ್ಕ. ನಾಲ್ಕಾರು ದಿನದಲ್ಲಿ ಹಿಂದೆಯೇ ಹೊರಡಬೇಕು. ವರ್ತಕ ತನ್ನ ಶಲ್ಯದಲ್ಲಿ ಗಂಟು ಕಟ್ಟಿ ಪಡುವಣ ದಿಕ್ಕಿನ ನೆರೆಮನೆಯ ಗೂಟಕ್ಕೆ ನೇತುಹಾಕಿದ. ಅದೇ ದಿನ ಬೆಲ್ಲದ ಗಾಡಿಯೊಂದು ಕರಾವಳಿಗೆ ಹೊರಟಿತ್ತು. ಗಾಡಿಯವನಿಗೆ, "ನಾನು ಹೊರಟಾಯಿತೆಂದು ಮಗಳಿಗೆ ಹೇಳು" ಎಂದ.

ಅಚ್ಚು ಬಂತು. ಅಷ್ಟರಲ್ಲಿ ಎತ್ತಿನ ಗೊರಸು ಸೀಳಿತು. ಅದು ವಾಸಿಯಾಗುವ ಹೊತ್ತಿಗೆ ಗಡಿಯಲ್ಲಿ ಹಳೆಯ ಕಾವಲುಗಾರ ಬದಲಾದನೆಂದು ಸುದ್ದಿ ಬಂತು. ಹೊಸಬನ ಸ್ವಭಾವ ತಿಳಿಯದೆ ಹೋಗುವುದು ಹೇಗೆ? ಮೊದಲ ಮುಹೂರ್ತದ ಬಲ ಮುಗಿಯಿತು. ಹೊಸ ದಿನ ಕೇಳಿ, ಗಂಟಿನ ಅಕ್ಕಿ ಬದಲಿಸಿ, ಮತ್ತೆ ಅದೇ ಗೂಟಕ್ಕೆ ಹಾಕಿದ. ಅವನು ಹೇಳಿದ ಕಾರಣಗಳಲ್ಲಿ ಒಂದೂ ಸುಳ್ಳಲ್ಲ, ನೋಡು. ನನಗೆ ಸಿಟ್ಟು ಬರುವುದೂ ಅದಕ್ಕೇ.

ಹೆಂಡತಿ ತಡೆಯಲಾರದೆ ಕೇಳಿದಳು: "ಗಂಟು ಹೋಗಿ ಯಾವ ಕಾಲವಾಯಿತು! ನೀವು ಹೋಗುವುದು ಯಾವಾಗ?"

"ಗಂಟು ಹೋದ ಮೇಲೆ ನಾನು ಹೋದಂತೆಯೇ. ಅಪಶಕುನದ ಮಾತಾಡಬೇಡ," ಎಂದ ವರ್ತಕ. ಹಾಗೆ ಹೇಳಿ ಅವನು ನಿಶ್ಚಿಂತೆಯಿಂದ ಊಟ ಮಾಡಿದ. ಅವಳಿಗೆ ಅನ್ನ ಸೇರಲಿಲ್ಲ.

ಮಳೆಗೆ ಮುಂಚಿನ ಕೊನೆಯ ಉಪ್ಪಿನ ಗಾಡಿಗಳು ಘಟ್ಟ ಹತ್ತಿ ನಗರಕ್ಕೆ ಬಂದವು. ಗಾಡಿಯವರಲ್ಲಿ ಹಿರಿಯನಾದವನು ವರ್ತಕನ ಮನೆ ಹುಡುಕಿಕೊಂಡು ಬಂದ. ಜಗಲಿಯ ಮೇಲೆ ಕೂತ ವರ್ತಕನನ್ನು ನೋಡಿ ಅವನು ಗಾಬರಿಯಾದ.

"ಧಣೀ, ನೀವು ಇಲ್ಲೇ ಇದ್ದೀರಾ? ನಿಮ್ಮ ಮಗಳನ್ನು ನಮ್ಮ ಗಾಡಿಯಲ್ಲೇ ಕಳಿಸುವುದೆಂದು ಅವರ ಅತ್ತೆ ನಿಶ್ಚಯಿಸಿದ್ದರು. ಹುಲ್ಲು ಹಾಸಿ ಮೇಲೆ ಕಂಬಳಿಯನ್ನೂ ಹಾಕಿದ್ದೆವು. ಅಷ್ಟರಲ್ಲಿ ನೀವು ಹೊರಟಿದ್ದೀರೆಂದು ಸುದ್ದಿ ಬಂತು. ಅಪ್ಪ ಕರೆಯಲು ಬರುವಾಗ ಬೇರೆಯವರ ಗಾಡಿ ಹತ್ತುವುದುಂಟೇ ಎಂದು ಮಗಳು ಇಳಿದುಬಿಟ್ಟಳು. ದಾರಿಯುದ್ದಕ್ಕೂ ಎದುರು ಬಂದ ಒಂದೊಂದು ಗಾಡಿಯಲ್ಲೂ ನಿಮ್ಮನ್ನೇ ಹುಡುಕಿಕೊಂಡು ಬಂದೆವು."

ವರ್ತಕ ಎದ್ದ. ಜೋಯಿಸರನ್ನು ಕೇಳಲಿಲ್ಲ. ಶಕುನ ನೋಡಲಿಲ್ಲ. ನೆರೆಮನೆಯ ಗಂಟನ್ನೂ ಎತ್ತಿಕೊಳ್ಳಲಿಲ್ಲ. ಸಿಕ್ಕಿದ ಎತ್ತುಗಳನ್ನು ಹೂಡಿದ. ಅವಸರದಲ್ಲಿ ಹೊಸ ಅಚ್ಚಿನ ಗಾಡಿಯನ್ನು ಬಿಟ್ಟು ಅಂಗಡಿಯ ಹಳೆಯ ಗಾಡಿಯಲ್ಲೇ ಹೊರಟ. ಆ ಗಾಡಿಗೆ ದಾರಿಯಲ್ಲಿ ಏನೂ ಆಗಲಿಲ್ಲ. ಅವನು ಹೆದರಿದ್ದ ತಿರುವುಗಳೆಲ್ಲ ಸುಮ್ಮನೆ ದಾಟಿಹೋದವು. ಘಟ್ಟ ಇಳಿಯುವಾಗ ಮೊದಲ ಮಳೆ ಬಿತ್ತು.

ಗಡಿಯ ಬಾಗಿಲಿನ ಹೊಸ ಕಾವಲುಗಾರ ಒಳ್ಳೆಯವನು. ಏನನ್ನೂ ಕೇಳದೆ ಬಾಗಿಲು ತೆರೆದ. ಆಚೆಯಿಂದ ಒಬ್ಬ ತಲೆ ಬೋಳಿಸಿಕೊಂಡವನು ನೆನೆಯುತ್ತ ನಡೆದು ಬರುತ್ತಿದ್ದ. ಹತ್ತಿರ ಬಂದಾಗ ವರ್ತಕನಿಗೆ ಅವನು ತನ್ನ ಅಳಿಯನೆಂದು ಗುರುತು ಸಿಕ್ಕಿತು.

ಅಳಿಯ ಹೇಳಿದ: "ಮಾವ, ದಿನ ತುಂಬುವ ಮೊದಲೇ ನೋವು ಬಂತು. ನಮ್ಮೂರ ಸೂಲಗಿತ್ತಿಯನ್ನು ಕರೆತಂದೆವು. ಅಪ್ಪ ಹೊರಟಾಗಿದೆ, ಇಷ್ಟು ಹೊತ್ತಿಗೆ ಘಟ್ಟ ಇಳಿದಿರುತ್ತಾರೆ, ನಾನು ತವರಿಗೆ ಹೋಗುವವಳು ಎಂದು ನಿಮ್ಮ ಮಗಳು ಆಕೆಗೆ ಮೈ ಮುಟ್ಟಗೊಡಲಿಲ್ಲ. ಗಾಡಿಯ ಸದ್ದು ಕೇಳಿದಾಗಲೆಲ್ಲ ನನ್ನನ್ನು ಬಾಗಿಲಿಗೆ ಕಳಿಸಿದಳು. ಕೊನೆಗೆ ನಾವೇ ಅವಳ ಕೈಕಾಲು ಅದುಮಿ ಹಿಡಿದು ಸೂಲಗಿತ್ತಿಯನ್ನು ಒಳಗೆ ಬಿಟ್ಟೆವು. ಹೊತ್ತು ಮೀರಿತ್ತು. ಮಗುವೂ ಉಳಿಯಲಿಲ್ಲ."

ವರ್ತಕ ಕಡಲನ್ನು ನೋಡಲಿಲ್ಲ. ಗಡಿಯಿಂದಲೇ ಗಾಡಿ ತಿರುಗಿಸಿದ. ಹೆಂಡತಿಗೆ ಸುದ್ದಿ ಹೇಳಬೇಕಾದವನು ಅವನೇ. ಆ ದಾರಿಯಲ್ಲಿ ಎಲ್ಲಿ ನೀರು, ಎಲ್ಲಿ ಛತ್ರ ಎಂದು ಅವನಿಗೆ ಒಂದೂ ನೆನಪಾಗಲಿಲ್ಲ. ಎತ್ತುಗಳು ಬಾಯಾರಿ ನಿಂತಲ್ಲಿ ಗಾಡಿಯೂ ನಿಂತಿತು. ಮನೆಗೆ ಬಂದಾಗ ಹೆಂಡತಿ ಖಾಲಿ ಗಾಡಿಯನ್ನು ನೋಡಿದಳು. ಅವನು ಬಾಯಿ ತೆರೆಯುವ ಮೊದಲೇ ಒಳಗೆ ಹೋಗಿ ಕದ ಹಾಕಿಕೊಂಡಳು. ಜಗಲಿಯ ಮೇಲಿನ ದಾರಿ ಮಳೆಯ ಇರಚಲಿಗೆ ಅಳಿಸಿಹೋಗಿತ್ತು. ಅವನು ಅದರ ಮೇಲೆಯೇ ಕೂತ.

ನೆರೆಮನೆಯಾಕೆ ಗಂಟನ್ನು ತಂದುಕೊಡಲು ಅಂಜಿದಳು. ಪ್ರಯಾಣ ಮುಗಿಯದೆ ಪ್ರಸ್ಥಾನದ ಗಂಟು ಮನೆಗೆ ಮರಳಬಾರದು ಎಂಬುದು ಪದ್ಧತಿ. ಅವನೂ ಕೇಳಲಿಲ್ಲ. ಗಂಟು ಆ ಗೂಟದಲ್ಲೇ ಉಳಿಯಿತು. ಒಳಗಿನ ಅಕ್ಕಿಗೆ ಹುಳು ಬಿತ್ತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಎದ್ದು ಹೋಗಬೇಕೆನಿಸಿತು, ಕೂತೇ ಇದ್ದ. ಏನಾದರೂ ಕೇಳಬೇಕೆಂದು ಕೇಳಿದ: "ಗುರುಗಳೇ, ಆ ಗಂಟು ಕೊನೆಗೆ ಏನಾಯಿತು?"

ಗುರುಗಳು ಹೊಸೆದ ಬತ್ತಿಯನ್ನು ಕೆಳಗಿಟ್ಟು, ಮೊದಲ ಸಲ ಅವನ ಮುಖವನ್ನು ನೋಡಿ ಹೇಳಿದರು: "ಅದಿರಲಿ, ನೀನು ಬರುತ್ತೀಯೆಂದು ನಂಬಿ ನಿನ್ನ ಅಣ್ಣ ಯಾವ ಗಾಡಿಯಿಂದ ಇಳಿದ?"