ಮರ್ಯಾದಸ್ಥ ಪ್ಲಾಸ್ಟಿಕ್ ಚೀಲ

ಬೇಕರಿಯಲ್ಲಿ ಬಿಸಿ ಆರುವ ಮೊದಲೇ ಎರಡು ಬನ್ನುಗಳನ್ನು ಕಟ್ಟಿಟ್ಟರು. ಒಂದು ಪ್ಲಾಸ್ಟಿಕ್ ಚೀಲದೊಳಗೆ, ಇನ್ನೊಂದು ಸೆಲ್ಲೋಫೇನ್ ಹಾಳೆಯೊಳಗೆ.

"ಯಜಮಾನರೇ, ಬೆವರಿ ಒದ್ದೆಯಾಗಿದ್ದೇನೆ. ಸ್ವಲ್ಪ ಆವಿ ಹೊರಗೆ ಬಿಡಿ, ಇಲ್ಲದಿದ್ದರೆ ಕೆಟ್ಟುಹೋಗುತ್ತೇನೆ" ಎಂದಿತು ಚೀಲದ ಬನ್ನು.

"ಒಳಗಿನದು ಹೊರಗೆ ಹೋದರೆ ಮನೆತನದ ಮರ್ಯಾದೆ ಏನಾಗಬೇಕು?" ಎಂದಿತು ಚೀಲ.

ಪಕ್ಕದ ಸೆಲ್ಲೋಫೇನ್ ಹೇಳಿತು: "ನಾನು ಆವಿಯನ್ನು ಈ ಕಡೆ ಹೀರಿ ಆ ಕಡೆ ಬಿಡುತ್ತಿದ್ದೇನೆ. ಯಾರೂ ಆಡಿಕೊಂಡಿಲ್ಲ."

"ನಿಮ್ಮದು ಬಿಡಮ್ಮ, ಬಾಗಿಲೇ ಇಲ್ಲದ ಮನೆ."

ಮರುದಿನ ಸೆಲ್ಲೋಫೇನಿನ ಬನ್ನನ್ನು ಯಾರೋ ಚಹಾದಲ್ಲಿ ಅದ್ದಿ ತಿಂದರು. ಚೀಲದ ಬನ್ನನ್ನು ಯಾರೂ ಕೇಳಲಿಲ್ಲ. ಕೆಲವೇ ದಿನಗಳಲ್ಲಿ ಅದಕ್ಕೆ ಹಸಿರು ಬೂಷ್ಟು ಹಿಡಿಯಿತು. ಕಟ್ಟಿದ ಚೀಲವನ್ನೇ ಕಸದ ಬುಟ್ಟಿಗೆ ಎತ್ತಿ ಹಾಕಿದಾಗ ಅದು ಗಂಭೀರವಾಗಿ ಹೇಳಿತು: "ಬೂಷ್ಟು ಒಳಗಿನವರ ತಪ್ಪು. ನನ್ನ ಮೈಮೇಲೆ ಒಂದು ಚುಕ್ಕೆ ಇದ್ದರೆ ತೋರಿಸಿ."