ಗಾಳೆವ್ವನ ನಿದ್ದೆ, ದ್ಯಾವಪ್ಪನ ಬುದ್ಧಿ

ಹೊಳೆಯಿದ್ದಲ್ಲಿ ಮರಳು, ಮರಳಿದ್ದಲ್ಲಿ ಕರಬೂಜದ ಬಳ್ಳಿ, ಬಳ್ಳಿಯಿದ್ದಲ್ಲಿ ನರಿ. ಈ ಕತೆಯಲ್ಲಿ ನಾಲ್ಕೂ ಇವೆ. ಜೊತೆಗೆ ಒಬ್ಬ ಪೆದ್ದನಿದ್ದಾನೆ, ಅವನಿಗೆ ಬುದ್ಧಿ ಹೇಳಿ ಹೇಳಿ ಗಂಟಲು ಹರಿದುಕೊಂಡ ತಾಯಿಯೊಬ್ಬಳಿದ್ದಾಳೆ. ನೀವು ಹ್ಞೂಂ ಅನ್ನುತ್ತಾ ಇರಿ, ನಾನು ಹೇಳುತ್ತಾ ಹೋಗುತ್ತೇನೆ.

ತಾಯಿಯ ಹೆಸರು ಹುಲಿಗೆವ್ವ. ಬೇಸಿಗೆಯಲ್ಲಿ ಹೊಳೆ ಸೊರಗಿ ಒಂದು ಮಗ್ಗುಲಿಗೆ ಸರಿದಾಗ ನಡುಮರಳಿನಲ್ಲಿ ಗುಡಿಸಲು ಹಾಕಿ, ಗುಣಿ ತೋಡಿ, ಕರಬೂಜ ಬೆಳೆಯುವವಳು. ಮಗ ದ್ಯಾವಪ್ಪ. ಮೈ ಎತ್ತಿನಂತೆ ಗಟ್ಟಿ, ಮನಸ್ಸು ಬೆಣ್ಣೆ, ತಲೆಯೊಳಗೆ ಮಾತ್ರ ಬರೀ ಮರಳು. ಹೇಳಿದ್ದನ್ನು ಹೇಳಿದಷ್ಟೇ ಮಾಡುತ್ತಿದ್ದ. ಗುಲಗಂಜಿಯಷ್ಟು ಹೆಚ್ಚಿಲ್ಲ, ಗುಲಗಂಜಿಯಷ್ಟು ಕಡಿಮೆಯಿಲ್ಲ. ಮಗಳು ಗಾಳೆವ್ವ, ಹದಿನಾರರ ಹುಡುಗಿ. ಎದ್ದಿದ್ದಾಗ ಅವಳಂಥ ಚುರುಕಿನವಳು ಆ ದಂಡೆಯಲ್ಲೇ ಇರಲಿಲ್ಲ. ಮಲಗಿದಳೋ, ಮುಗಿಯಿತು! ಕಿವಿಯ ಹತ್ತಿರ ಕೋಳಿ ಕೂಗಿದರೂ ಇಲ್ಲ, ಮೈಮೇಲೆ ಆಡು ಹಾದುಹೋದರೂ ಇಲ್ಲ.

ಊರವರಿಗೆ ಇದು ನಗೆಪಾಟಲು. ಹುಲಿಗೆವ್ವನಿಗೆ ಮಾತ್ರ ಜೀವಭಯ. ಯಾಕೆ ಅಂತೀರೋ? ಮೇಲೆ ಘಟ್ಟದಲ್ಲಿ ಮಳೆ ಬಿದ್ದರೆ, ಇಲ್ಲಿ ಬಿಸಿಲು ಕಾಯುತ್ತಿರುವಾಗಲೇ ಹೊಳೆ ಬಂದುಬಿಡುತ್ತದೆ. ಮೇಲಿನೂರಿನ ತಳವಾರ ನೀರು ಬರುವುದನ್ನು ಕಂಡು ನಗಾರಿ ಬಾರಿಸುತ್ತಾನೆ, ಕೇಳಿದವರು ಎದ್ದು ದಂಡೆಗೆ ಓಡಬೇಕು. ಅವಳ ಗಂಡನೂ ಹೀಗೇ ಮೈಮರೆತು ಮಲಗುವವನು. ಒಂದು ಬೆಳಗ್ಗೆ ನಗಾರಿ ಬಡಿಯಿತು, ಎಲ್ಲರೂ ಓಡಿದರು, ಅವನು ಏಳಲಿಲ್ಲ. ಅಪ್ಪನ ನಿದ್ದೆಯೇ ಮಗಳಿಗೂ ಬಂದಿದೆ ಎಂದು ಗೊತ್ತಾದ ದಿನದಿಂದ ಹುಲಿಗೆವ್ವನ ಕಣ್ಣಿಗೆ ನಿದ್ದೆ ಹತ್ತಲಿಲ್ಲ.

ಆದರೆ ಹೊಟ್ಟೆ ಕೇಳಬೇಕಲ್ಲ. ಬೆಳಕು ಹರಿಯುವಾಗಲೇ ಹಣ್ಣಿನ ಬುಟ್ಟಿ ಹೊತ್ತು ದಂಡೆಯ ಮೇಲಿನ ಪೇಟೆಗೆ ಹೋಗಬೇಕು. ಮೊದಲ ದಿನ ಮಗನನ್ನು ಕರೆದು ಹೇಳಿದಳು: "ಲೇ ದ್ಯಾವ, ನಾ ಪ್ಯಾಟಿಗೆ ಹೊಂಟೆ. ತಂಗೀನ್ನ ಎಬ್ಬಿಸು. ಹೆಸರು ಹಿಡಿದು ಕರಿ. ಆಕಿ ಕಣ್ಣು ತೆರೆಯೋತನಕ ಬಿಡಬ್ಯಾಡ!"

"ಆತು ಯವ್ವಾ."

ದ್ಯಾವಪ್ಪ ತಂಗಿಯ ಕಿವಿಯ ಬಳಿ ಕೂತ. "ಗಾಳೀ! ಗಾಳೀ! ಗಾಳೀ!" ಕರೆದೇ ಕರೆದ. ಅವಳು ನಿದ್ದೆಗಣ್ಣಲ್ಲಿ ಒಂದು ಕಣ್ಣು ತೆರೆದು, ಮಗ್ಗುಲು ಬದಲಿಸಿದಳು. ಇವನು ಬಾಯಿ ಮುಚ್ಚಿ ಎದ್ದುಹೋದ. ಹುಲಿಗೆವ್ವ ತಿರುಗಿ ಬಂದಾಗ ಸೂರ್ಯ ನೆತ್ತಿಗೆ ಬಂದಿದ್ದ, ನೀರು ಕಾಣದೆ ಬಳ್ಳಿಗಳು ಬಾಡಿದ್ದವು, ಮಗಳು ಗೊರಕೆ ಹೊಡೆಯುತ್ತಿದ್ದಳು.

"ಎಬ್ಬಿಸು ಅಂದಿದ್ನೆಲ್ಲೋ!"

"ಕಣ್ಣು ತೆರೆದ್ಲು ಯವ್ವಾ. ನಾ ಬಿಟ್ಟೆ."

"ಅಯ್ಯೋ ನನ್ನ ಕರ್ಮವೇ! ಕಣ್ಣು ತೆರೆದ್ರ ಸಾಕೇನು? ಕೈ ಹಿಡಿದು ಜಗ್ಗಿ, ಎಬ್ಬಿಸಿ ಕುಂದರಿಸಬೇಕೋ ಪೆದ್ದ!"

"ಆತು ಯವ್ವಾ."

ಮರುದಿನ ಕೈ ಹಿಡಿದು ಜಗ್ಗಿದ, ಎತ್ತಿ ಕೂರಿಸಿದ, ಗುಡಿಸಲಿನ ಕಂಬಕ್ಕೆ ಒರಗಿಸಿದ. ಗಾಳೆವ್ವ ಕೂತಲ್ಲೇ ನಿದ್ದೆ ಮುಂದುವರಿಸಿದಳು. ನರಿಯೊಂದು ಬಂದು, ಅವಳ ಎದುರಿಗೇ ಕೂತು, ಹಣ್ಣು ತಿಂದು, ಬಾಯಿ ನೆಕ್ಕಿಕೊಂಡು ಹೋಯಿತು.

"ಕುಂದರಿಸೀನಲ್ಲ ಯವ್ವಾ!" ಎಂದ ದ್ಯಾವಪ್ಪ ಹೆಮ್ಮೆಯಿಂದ.

ಹುಲಿಗೆವ್ವ ಹಣೆ ಚಚ್ಚಿಕೊಂಡಳು. "ಹೊಳಿ ಬಂದ್ರ, ಪಾಪ ಕುಂತಾಳ ಅಂತ ಬಿಟ್ಟು ಹೋಗತೈತೇನೋ! ನಾಳೆ ಒಂದು ಕೊಡ ತಣ್ಣೀರು ತಂದು ತಲಿ ಮ್ಯಾಲ ಸುರಿ!"

"ಆತು ಯವ್ವಾ."

ಅದೇನು ಗ್ರಹಚಾರವೋ, ಮರುದಿನ ಗಾಳೆವ್ವ ಅಪರೂಪಕ್ಕೆ ತಾನೇ ಎದ್ದಿದ್ದಳು. ಪಕ್ಕದ ಗುಡಿಸಲಿನಿಂದ ಕೆಂಡ ತಂದು, ಒಲೆ ಊದಿ ಊದಿ ಹೊತ್ತಿಸಿ, ರೊಟ್ಟಿ ತಟ್ಟುತ್ತಿದ್ದಳು. ದ್ಯಾವಪ್ಪ ಹೊಳೆಗೆ ಹೋಗಿ ಕೊಡ ತುಂಬಿಕೊಂಡು ಬಂದ. ತಂಗಿಯ ಹಿಂದೆ ನಿಂತ. ಸುರಿದ! ಒಲೆ ಚೊಂಯ್ ಅಂದಿತು, ಹಿಟ್ಟು ಅಂಬಲಿಯಾಯಿತು, ಗಾಳೆವ್ವ ಚಿಟ್ಟನೆ ಚೀರಿದಳು. ಅವತ್ತು ಮೂವರೂ ಬರೀ ಕರಬೂಜ ತಿಂದು ಮಲಗಿದರು.

"ಎದ್ದಾಕಿ ಮ್ಯಾಲ ಯಾರಾದ್ರೂ ನೀರು ಸುರೀತಾರೇನೋ!" ತಾಯಿಗೆ ಅಳುವೋ ನಗುವೋ ತಿಳಿಯಲಿಲ್ಲ. "ಎದ್ದಾಳೋ ಮಲಗ್ಯಾಳೋ, ಮೊದಲ ಚೂಟಿ ನೋಡು. ಬಾಯಿ ಮಾಡಿದ್ರ ಎದ್ದಾಳಂತ ತಿಳಿ. ಬಾಯಿ ಮಾಡಲಿಲ್ಲಂದ್ರ ಕಂಚಿನ ತಾಟು ತಗೊಂಡು ಜೋರಾಗಿ ಬಡಿ. ಆಕಿ ಏಳೋತನಕ ಬಡಿ!"

ಹೇಳಿ ಹೋದಳು. ಪೇಟೆಯಲ್ಲಿ ಬುಟ್ಟಿ ಇಳಿಸಿ ಒಂದು ಹಣ್ಣೂ ಮಾರಿರಲಿಲ್ಲ, ಹೊಳೆಯ ಕಡೆಯಿಂದ ಬೊಬ್ಬೆ ಕೇಳಿತು. "ಹೊಳಿ ಬಂತು! ಹೊಳಿ ಬಂತು!" ಬುಟ್ಟಿ ಅಲ್ಲೇ ಬಿತ್ತು. ಓಡಿದಳು. ಎದುರಿಗೆ ಮರಳಿನ ಗುಡಿಸಲುಗಳ ಜನರೆಲ್ಲ ಎದ್ದೆವೋ ಬಿದ್ದೆವೋ ಅಂತ ದಂಡೆ ಹತ್ತುತ್ತಿದ್ದರು. ಕೂಸುಗಳನ್ನು ಎತ್ತಿಕೊಂಡವರು, ಆಡು ಎಳೆಯುವವರು, ಸೀರೆ ಎಡವಿ ಬೀಳುವವರು. "ನನ್ನ ಮಗಳು ಎಲ್ಲಿ? ನನ್ನ ಗಾಳಿ ಎಲ್ಲಿ?" ಯಾರೂ ನಿಂತು ಹೇಳಲಿಲ್ಲ.

ಮರಳಿಗಿಳಿದು ನೋಡುತ್ತಾಳೆ, ಹನಿ ನೀರು ಹೆಚ್ಚಿಲ್ಲ! ಗುಡಿಸಲ ಮುಂದೆ ದ್ಯಾವಪ್ಪ ಬೆವರು ಸುರಿಸುತ್ತಾ ತಾಟು ಬಡಿಯುತ್ತಿದ್ದಾನೆ. ಡಣ್ ಡಣ್ ಡಣ್! ಅದನ್ನೇ ಜನ ನಗಾರಿ ಅಂದುಕೊಂಡಿದ್ದರು. ಒಳಗೆ ಗಾಳೆವ್ವ ಕಂಬಳಿ ಎಳೆದುಕೊಂಡು ಸುಖವಾಗಿ ಮಲಗಿದ್ದಾಳೆ. ಹುಲಿಗೆವ್ವ ಅಲ್ಲೇ ಮರಳಿನ ಮೇಲೆ ಕುಸಿದಳು.

ಜನ ಸುಮ್ಮನಿರುತ್ತಾರೆಯೇ? ಪಕ್ಕದ ಗುಡಿಸಲಿನ ಯಮನೂರಪ್ಪನ ಹೆಂಡತಿ ಓಡುವಾಗ ಕಾಲು ಉಳುಕಿಸಿಕೊಂಡಿದ್ದಳು. ಅವನು ಕಣ್ಣು ಕೆಂಪಗೆ ಮಾಡಿಕೊಂಡು ಬಂದ.

"ಇನ್ನೊಮ್ಮೆ ಸಪ್ಪಳ ಮಾಡಿದಿ ಅಂದ್ರ ನಿನ್ನನ್ನ ಹೊಳಿಗೆ ಒಗೀತೀನಿ ಮಗನ! ನೀರು ನಿನ್ನ ಕಾಲಿಗೆ ಮುಟ್ಟೋತನಕ ಪಿಟ್ ಅನಬ್ಯಾಡ! ಕುಂತಲ್ಲಿಂದ ಏಳಬ್ಯಾಡ! ತಿಳೀತಾ?"

"ಆತು ಕಾಕಾ."

ಆ "ಆತು ಕಾಕಾ" ಕೇಳಿ ಹುಲಿಗೆವ್ವ ಕೂತಲ್ಲಿಂದ ಧಡಕ್ಕನೆ ಎದ್ದಳು. ಮಗನ ಬಾಯಿಂದ "ಆತು" ಬಂದರೆ ಆಗಿಯೇ ತೀರುತ್ತದೆ ಎಂದು ಅವಳಿಗೊಬ್ಬಳಿಗೇ ಗೊತ್ತು. ಜನ ಚದುರಿದ ಮೇಲೆ ಮಗನ ಗಲ್ಲ ಹಿಡಿದು ಬೇಡಿಕೊಂಡಳು.

"ನನ್ನಪ್ಪಾ, ಕಾಕಾ ಹೇಳಿದ್ದು ಮರೆತುಬಿಡು."

"ಆತು ಯವ್ವಾ. ಕಾಕಾ ಏನು ಹೇಳಿದ್ದ?"

"ಅದಽ, ನೀರು ಕಾಲಿಗೆ ಮುಟ್ಟೋತನಕ ಏಳಬ್ಯಾಡ ಅಂದ್ನಲ್ಲ, ಅದು."

"ಹಾಂ! ಈಗ ನೆನಪಾತು ನೋಡು!"

"ಅಯ್ಯೋ, ನೆನಪು ಮಾಡ್ಕೋಬ್ಯಾಡೋ! ಮರೆತುಬಿಡು!"

"ಯಾವುದನ್ನ ಯವ್ವಾ?"

ತಾಯಿ ಅವನ ಗಲ್ಲ ಬಿಟ್ಟಳು. ಅವತ್ತು ಮೊದಲ ಸಲ ಅವಳಿಗೆ ಹೊಳೆಗಿಂತ ಹೆಚ್ಚಾಗಿ ತನ್ನ ಬಾಯಿಯ ಭಯ ಹುಟ್ಟಿತು. ಆಡಿದ ಒಂದೊಂದು ಮಾತೂ ಈ ಹುಡುಗನ ತಲೆಯೊಳಗೆ ಹೋಗಿ ಯಾವ ವೇಷ ಹಾಕಿಕೊಂಡು ಹೊರಗೆ ಬರುತ್ತದೋ!

ಕೆಲವು ದಿನ ಪೇಟೆಗೆ ಹೋಗದೆ ಮಗಳ ಪಕ್ಕದಲ್ಲೇ ಕಾದು ಕೂತಳು. ಹಣ್ಣು ಕೊಳೆಯತೊಡಗಿದವು. ಕೊನೆಗೆ ಒಂದು ಬೆಳಗ್ಗೆ ಮನಸ್ಸು ಗಟ್ಟಿ ಮಾಡಿ ಬುಟ್ಟಿ ಎತ್ತಿದಳು. ಪೇಟೆಗಲ್ಲ, ದಾರಿಹೋಕರಿಗೆ ಮಾರಲು ಬರೀ ದಂಡೆಯ ಮೇಲಿನ ಬೇವಿನ ಮರದ ತನಕ. ಅಲ್ಲಿಂದ ಗುಡಿಸಲು ಕಾಣುತ್ತದೆ, ಕೂಗಿದರೆ ಕೇಳುತ್ತದೆ. ಮಗನಿಗೆ ಏನೂ ಹೇಳಲಿಲ್ಲ. ತುಟಿ ಬಿಗಿಹಿಡಿದು ಹೋದಳು.

ಬಿಸಿಲು ಚೆನ್ನಾಗಿತ್ತು, ಮೋಡದ ಚೂರೂ ಇರಲಿಲ್ಲ. ಆಗಲೇ ಮೇಲಿನೂರಿನ ಕಡೆಯಿಂದ ನಗಾರಿ ಬಡಿಯಿತು!

ಈ ಸಲ ತಾಟಲ್ಲ, ನಗಾರಿಯೇ. ಮರಳಿನ ಜನ ಎದ್ದು ಓಡಿದರು. ಹುಲಿಗೆವ್ವ ಕಣ್ಣಿಗೆ ಕೈಯಡ್ಡ ಹಿಡಿದು ನೋಡಿದಳು. ದ್ಯಾವಪ್ಪ ಗುಡಿಸಲ ಮುಂದೆ ಎರಡೂ ಕಾಲು ನೀಡಿ ಕೂತಿದ್ದ. ಆಚೆ ನೋಡಲಿಲ್ಲ, ಈಚೆ ನೋಡಲಿಲ್ಲ. ತನ್ನ ಹೆಬ್ಬೆರಳುಗಳನ್ನೇ ನೋಡುತ್ತಾ, ನೀರು ಮುಟ್ಟುವುದನ್ನು ಕಾಯುತ್ತಿದ್ದ.

"ಹೋಗಬ್ಯಾಡವ್ವೋ!" ಎಂದು ಯಮನೂರಪ್ಪ ಕೂಗಿದ. ಅವಳು ಆಗಲೇ ಇಳಿದಿದ್ದಳು. ಒಣ ಮರಳು ಕಾಲನ್ನು ಕಚ್ಚಿ ಹಿಡಿಯುತ್ತಿತ್ತು. ದೂರದಲ್ಲಿ ಕೆಂಪು ನೀರು, ಅದರ ಮುಂದೆ ಬಿಳಿ ನೊರೆ, ನೊರೆಯಲ್ಲಿ ಕಸಕಡ್ಡಿ. ಓಡಿ ಮುಟ್ಟಲು ಆಗುವುದಿಲ್ಲ. ಕೂಗಬೇಕು. ಏನಂತ ಕೂಗಲಿ ದೇವರೇ? "ಏಳು" ಅಂದರೆ ಎದ್ದು ನಿಲ್ಲುತ್ತಾನೆ, ನಿಂತೇ ಇರುತ್ತಾನೆ. "ಓಡು" ಅಂದರೆ ತಂಗಿಯನ್ನು ಬಿಟ್ಟು ಒಬ್ಬನೇ ಓಡುತ್ತಾನೆ. "ಎಬ್ಬಿಸು" ಅಂದರೆ ಗಾಳೀ ಗಾಳೀ ಅಂತ ಕರೆಯುತ್ತಾ ಕೂರುತ್ತಾನೆ, ಅವಳು ಏಳುವುದಿಲ್ಲ. ಕಡೆಗೆ ಇದ್ದಬದ್ದ ಉಸಿರನ್ನೆಲ್ಲ ಒಟ್ಟುಮಾಡಿ ಕಿರುಚಿದಳು:

"ದ್ಯಾವಾ! ಆಕೀನ್ನ ಎಬ್ಬಿಸಬ್ಯಾಡೋ! ಹಂಗಽ ಹೊತ್ಕೊಂಡು ಬಾ!"

"ಆತು ಯವ್ವಾ!"

ಎದ್ದ! ಒಳಗೆ ಹೋದ! ಕಂಬಳಿ ಸಮೇತ ತಂಗಿಯನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ಬಂದ! ಹುಲಿಗೆವ್ವನಿಗೆ ಹೋದ ಜೀವ ಬಂದಂತಾಯಿತು. ಇದರಲ್ಲಿ ಕೆಡಲು ಏನಿದೆ? ಏನೂ ಇಲ್ಲ ಅಂದುಕೊಂಡಳು, ಪಾಪ.

ಆಮೇಲೆ ನೋಡಿದರೆ ಮಗ ಓಡುತ್ತಿಲ್ಲ. ತುದಿಗಾಲಿನಲ್ಲಿ, ಕಳ್ಳ ಬೆಕ್ಕಿನ ಹಾಗೆ, ಒಂದೊಂದೇ ಹೆಜ್ಜೆ ಮೆಲ್ಲಗೆ ಊರುತ್ತಾ ಬರುತ್ತಿದ್ದಾನೆ. ಎಬ್ಬಿಸಬೇಡ ಅಂದಿದ್ದಾಳಲ್ಲ! ಹಿಂದೆ ಹೊಳೆ ಗುಡಿಸಲ ಬಾಗಿಲಿಗೆ ಬಂತು.

"ಓಡೋ! ಓಡೋ ಮಗನ!"

ದ್ಯಾವಪ್ಪ ನಿಂತ. ತುಟಿಯ ಮೇಲೆ ಬೆರಳಿಟ್ಟು, "ಶ್ಶ್! ಒದರಬ್ಯಾಡ ಯವ್ವಾ, ಎದ್ದುಬಿಡ್ತಾಳ!" ಎಂದ.

ಹುಲಿಗೆವ್ವ ಅವನ ಕಡೆಗೇ ನುಗ್ಗಿದಳು. ನೀರು ಅವನ ಹಿಮ್ಮಡಿ ಮುಟ್ಟಿತು, ಮೀನಖಂಡಕ್ಕೆ ಏರಿತು, ಮೊಣಕಾಲಿಗೆ ಬಂತು. ಜೋತುಬಿದ್ದಿದ್ದ ಗಾಳೆವ್ವನ ಕಾಲಿಗೂ ತಣ್ಣಗೆ ತಾಗಿತು. ಹುಟ್ಟಿದಾಗಿನಿಂದ ಕೋಳಿಗೆ ಏಳದ, ತಾಟಿಗೆ ಏಳದ ಹುಡುಗಿ ಈಗ ಮಿಸುಕಿದಳು! ದ್ಯಾವಪ್ಪ ಗಾಬರಿಬಿದ್ದ. ಹರಿಯುವ ನೀರಿನ ನಡುವೆ ಗಟ್ಟಿಯಾಗಿ ಕಾಲೂರಿ ನಿಂತು ಅವಳ ಬೆನ್ನು ತಟ್ಟತೊಡಗಿದ. "ಜೋ... ಜೋ... ಮಲಗವ್ವ, ಮಲಗು."

ಗಾಳೆವ್ವ ಎರಡೂ ಕಣ್ಣು ತೆರೆದಳು. "ಅಣ್ಣಾ! ಹೊಳಿ!"

"ಹೊಳಿ ಇಲ್ಲ, ಏನಿಲ್ಲ. ಮಲಗು ಮಲಗು." ಅಣ್ಣ ತನ್ನ ಅಗಲವಾದ ಅಂಗೈಯಿಂದ ಅವಳ ಕಣ್ಣು ಮುಚ್ಚಿದ.

ಅವಳು ಆ ಕೈಯನ್ನು ಕಚ್ಚಿದಳು. ಹೆಗಲಿಂದ ಜಿಗಿದಳು. ನೀರು ಸೊಂಟಕ್ಕೆ ಬಂದಿತ್ತು. ಒಂದು ಕೈಯಲ್ಲಿ ಅಣ್ಣನ ರಟ್ಟೆ ಹಿಡಿದು ಎಳೆದಳು, ಎದುರಿಗೆ ತಡವರಿಸುತ್ತಾ ಬರುತ್ತಿದ್ದ ತಾಯಿಯ ಕೈಯನ್ನು ಇನ್ನೊಂದರಲ್ಲಿ ಹಿಡಿದಳು. ಮೂವರೂ ಬಿದ್ದರು, ಎದ್ದರು, ನೀರು ಕುಡಿದರು. ಯಮನೂರಪ್ಪ ದಂಡೆಯಿಂದ ಹಗ್ಗ ಎಸೆದ. ಅವರು ಮೇಲೆ ಬಂದು ಬೀಳುವುದಕ್ಕೂ ಗುಡಿಸಲು ಕಂಬ ಸಮೇತ ತೇಲಿಹೋಗುವುದಕ್ಕೂ ಸರಿಹೋಯಿತು.

ಹುಲಿಗೆವ್ವ ಮಗಳ ಮುಖ ಮುಟ್ಟಿದಳು, ಮಗನ ಮುಖ ಮುಟ್ಟಿದಳು, ಮತ್ತೆ ಮಗಳ ಮುಖ ಮುಟ್ಟಿದಳು. ದ್ಯಾವಪ್ಪ ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಹೊಳೆಗೆ ಹೆದರಿ ಅಂದುಕೊಂಡಿರೋ? ಅಲ್ಲ. ಅವ್ವನಿಗೆ ಹೆದರಿ.

"ಹೊಡೀಬ್ಯಾಡ ಯವ್ವಾ! ನಿನ್ನಾಣಿ, ನಾ ಎಬ್ಬಿಸಿಲ್ಲ! ಆಕಿ ತಾನಽ ಎದ್ದಾಳ!"

ಹುಲಿಗೆವ್ವ ಕೈ ಎತ್ತಿದಳು. ಎತ್ತಿದ ಕೈ ಅವನ ಒದ್ದೆ ತಲೆಯ ಮೇಲೆ ಮೆಲ್ಲಗೆ ಇಳಿಯಿತು. ಏನೋ ಬುದ್ಧಿ ಹೇಳಲು ಬಾಯಿ ತೆರೆದಳು. ತುಂಬಿ ಹರಿಯುವ ಹೊಳೆಯನ್ನೊಮ್ಮೆ ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಅವ್ವ ಏನೂ ಹೇಳಲಿಲ್ಲ ಅಂದರೆ ಅವ್ವನ ಹಳೆಯ ಮಾತೇ ಮಾತು. ದ್ಯಾವಪ್ಪ ಮೂಗು ಒರೆಸಿಕೊಂಡು, ಹೊಳೆಯನ್ನೇ ಪಿಳಿಪಿಳಿ ನೋಡುತ್ತಾ ನಡುಗುತ್ತಿದ್ದ ತಂಗಿಯ ತಲೆಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡ. ಗುಟ್ಟಾಗಿ ಅವಳ ಕಿವಿಯಲ್ಲಿ ಹೇಳಿದ:

"ಲಗೂನ ಮಲಗವ್ವ. ಅವ್ವ ಬೈಯ್ಯೋದರೊಳಗ ಮಲಗಿಬಿಡು."