ತೊಟ್ಟಿಲು ಬಿಡದ ಕಾವಲುಗಾರರು

ದೇಹದಲ್ಲಿ ಕೆಂಪು ರಕ್ತಕಣಗಳದು ತಲೆತಲಾಂತರದಿಂದ ಮರ್ಯಾದೆಯ ಮನೆತನ. ಎಲುಬಿನೊಳಗಿನ ಮಜ್ಜೆಯಲ್ಲಿ ಹುಟ್ಟಿ, ಪೂರ್ತಿ ಬಲಿತ ಮೇಲೆಯೇ ಹೊಸ್ತಿಲು ದಾಟಿ, ಮೈಯ ಮೂಲೆಮೂಲೆಗೂ ಪ್ರಾಣವಾಯು ಮುಟ್ಟಿಸುವುದು ಅವರ ಕಟ್ಟುಪಾಡು. ಈಚೆಗೆ ಆ ಮನೆತನ ಕ್ಷೀಣಿಸಿ ದೇಹ ಬಿಳುಚಿಕೊಂಡಿತು. ಕಾರಣ ತಿಳಿಯಲು ಹಿರಿಯಳಾದ ಕೆಂಪಮ್ಮ ತವರಾದ ಮಜ್ಜೆಗೆ ಹೋದಳು.

ಅಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಳೆಯ ಬಿಳಿ ಕಣಗಳು ಒತ್ತೊತ್ತಾಗಿ ಕೂತಿದ್ದವು.

“ಯಾರಪ್ಪ ನೀವು? ಹೊರಗಿನಿಂದ ನುಗ್ಗಿದ ರೋಗಾಣುಗಳೋ?”

“ಅಲ್ಲ ಅಜ್ಜಿ, ಇದೇ ಮನೆಯ ಮಕ್ಕಳು. ಕಾವಲುಗಾರರ ವಂಶ.”

“ಒಳ್ಳೆಯದಾಯಿತು. ಗಂಟಲಿಗೆ ರೋಗಾಣು ಹೊಕ್ಕು ಮೂರು ದಿನವಾಯಿತು. ಹತ್ತು ಜನ ಹೊರಡಿ.”

ಒಬ್ಬನೂ ಏಳಲಿಲ್ಲ.

“ನಮಗೆ ಕಾದಾಡಲು ಬಾರದು. ಬಲಿಯುವುದನ್ನು ಬಿಟ್ಟೆವು, ಹೆಚ್ಚುವುದನ್ನು ಮಾತ್ರ ಕಲಿತೆವು. ವೈದ್ಯರು ನಮಗೆ ರಕ್ತದ ಕ್ಯಾನ್ಸರ್ ಎಂದು ಹೆಸರಿಟ್ಟಿದ್ದಾರೆ” ಎಂದು ಒಬ್ಬ ಹೆಮ್ಮೆಯಿಂದ ಹೇಳಿ, ಹೇಳುತ್ತಲೇ ಇಬ್ಬರಾದ.

“ಹೆಸರು ಬಂತು, ಬುದ್ಧಿ ಬರಲಿಲ್ಲ” ಎಂದ ಕೆಂಪಮ್ಮ ತನ್ನ ಮೊಮ್ಮಕ್ಕಳ ತೊಟ್ಟಿಲುಗಳನ್ನು ಹುಡುಕಿದಳು. ಎಲ್ಲದರಲ್ಲೂ ಇವರೇ ಮಲಗಿದ್ದರು. ಅವಳ ಮೊಮ್ಮಕ್ಕಳಿಗೆ ಹುಟ್ಟಲು ಸ್ಥಳವೇ ಉಳಿದಿರಲಿಲ್ಲ.

ಅವಳು ಬೆನ್ನು ನೆಟ್ಟಗೆ ಮಾಡಿ ನಿಂತಳು.

“ನೀವು ಪರರಾಗಿದ್ದರೆ ನಾನು ಏನನ್ನೂ ಕೇಳುತ್ತಿರಲಿಲ್ಲ. ಮನೆಯ ಮಕ್ಕಳು ನೀವು. ತೊಟ್ಟಿಲು ಬಿಟ್ಟು ಏಳಿ, ಕ್ಷಮೆ ಕೇಳಿ.”